ಅಪಘಾತದ ನಂತರ: ರಸ್ತೆಯಿಂದ ನ್ಯಾಯಮಂಡಳಿಯವರೆಗೆ

ಅಪಘಾತವಾದಾಗ ಚಾಲಕನ ಕರ್ತವ್ಯವೇನು ಎಂಬುದನ್ನು 1988ರ ಮೋಟಾರು ವಾಹನ ಕಾಯ್ದೆ ತನ್ನ 134ನೇ ಕಲಮಿನಲ್ಲಿ ಚುಟುಕಾಗಿ ಹೇಳಿದೆ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು. ಪೊಲೀಸರು ಕೇಳಿದ ವಿವರ ಕೊಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೆ ಬರವಣಿಗೆಯಲ್ಲಿ ವರದಿ ಮಾಡಬೇಕು. ಇದಿಷ್ಟನ್ನು ಮಾಡದವರಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಅದೇ ಕಲಮಿನಲ್ಲಿ ನಮ್ಮ ರಸ್ತೆಗಳನ್ನು ಬಲ್ಲವರು ಬರೆದಂಥ ಒಂದು ವಿನಾಯಿತಿಯೂ ಇದೆ: ಸೇರಿದ ಗುಂಪಿನ ಆಕ್ರೋಶದಿಂದ ನೆರವು ಕೊಡಲು ಸಾಧ್ಯವೇ ಆಗದಿದ್ದರೆ ಚಿಕಿತ್ಸೆ ಕೊಡಿಸಲಿಲ್ಲವೆಂದು ಚಾಲಕನನ್ನು ದೂರುವಂತಿಲ್ಲ. ಏಟು ಬೀಳುವ ಸೂಚನೆ ಕಂಡರೆ ಅಲ್ಲಿಂದ ಹೊರಟುಹೋಗಬಹುದು. ಆದರೆ ಹೋಗಬೇಕಾದದ್ದು ಮನೆಗಲ್ಲ, ಠಾಣೆಗೆ. ತಿಳಿಸುವ ಹೊಣೆಯಿಂದ ವಿನಾಯಿತಿ ಇಲ್ಲ.

2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷಕ್ಕೂ ಹೆಚ್ಚು ಮಂದಿ. ಅದರಲ್ಲಿ ಕರ್ನಾಟಕದ ಪಾಲು 12 ಸಾವಿರ ದಾಟಿತ್ತು. ಕಾನೂನು ಬದಲಾಗಿದ್ದರೂ ಜನರ ಹಳೆಯ ಭಯಗಳು ಹೋಗಿಲ್ಲ. ಪೊಲೀಸರ ಭಯ, ಆಸ್ಪತ್ರೆಯ ಮುಂಗಡ ಹಣದ ಭಯ, ಸಾಕ್ಷಿ ಹೇಳಲು ಅಲೆಯಬೇಕಾದೀತೆಂಬ ಭಯ ಇವುಗಳಿಂದಾಗಿಯೇ ಅಪಘಾತದ ನಂತರದ ಬಹಳಷ್ಟು ತಪ್ಪುಗಳು ನಡೆಯುತ್ತವೆ.

ಡಿಕ್ಕಿಯಾದ ಮೊದಲ ನಿಮಿಷದಲ್ಲಿ ದೊಡ್ಡ ಅಪಾಯವೆಂದರೆ ಹಿಂದಿನಿಂದ ಬರುವ ಇನ್ನೊಂದು ವಾಹನ. ಎಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಮಿನುಗುವಂತೆ ಹಾಕಿ, ನಡೆಯಬಲ್ಲವರೆಲ್ಲ ರಸ್ತೆಯಿಂದ ಪೂರ್ತಿ ಹೊರಗೆ, ಸಾಧ್ಯವಾದರೆ ತಡೆಬೇಲಿಯ ಆಚೆಗೆ ಹೋಗಿ ನಿಲ್ಲಬೇಕು. ಎರಡು ವಾಹನಗಳ ನಡುವೆ ನಿಂತು ನಜ್ಜುಗುಜ್ಜಾದದ್ದನ್ನು ನೋಡುತ್ತಾ ವಾದಕ್ಕಿಳಿಯುವುದು ಸಾಮಾನ್ಯ ದೃಶ್ಯ. ಜೀವಕ್ಕೆ ಅತಿ ಅಪಾಯದ ಜಾಗವೂ ಅದೇ. ಕಾರಿನ ಜೊತೆ ಬರುವ ಕೆಂಪು ತ್ರಿಕೋನವನ್ನು ಹೆದ್ದಾರಿಯಲ್ಲಾದರೆ ಕನಿಷ್ಠ ಐವತ್ತು ಮೀಟರ್ ಹಿಂದೆ ಇಡಬೇಕು. ತಿರುವಿದ್ದರೆ ತಿರುವಿಗೂ ಮೊದಲೇ ಅದು ಕಾಣಬೇಕು. ತ್ರಿಕೋನ ಎಲ್ಲಿದೆಯೆಂದೇ ಗೊತ್ತಿಲ್ಲದವರು ಕಲ್ಲು, ಮರದ ಕೊಂಬೆ ತಂದಿಡುತ್ತಾರೆ. ಕಾರು ಎಳೆದುಕೊಂಡು ಹೋದ ಮೇಲೂ ಆ ಕಲ್ಲುಗಳು ರಾತ್ರಿಯಿಡೀ ಅಲ್ಲೇ ಉಳಿದು ಯಾವುದೋ ಬೈಕಿಗೆ ಕಾದಿರುತ್ತವೆ. ಇಟ್ಟವರೇ ಅವನ್ನು ತೆಗೆಯಬೇಕು. ಪೆಟ್ರೋಲ್ ಅಥವಾ ಸಿಎನ್‌ಜಿ ವಾಸನೆ ಬಂದರೆ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ವಿದ್ಯುತ್ ಕಾರಾದರೆ ಹೊರಗೆ ಕಿತ್ತುಬಂದ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬಾರದು.

ಸಹಾಯಕ್ಕೆ ಕರೆಯಲು 112 ಎಲ್ಲ ತುರ್ತು ಸೇವೆಗಳಿಗೂ ಒಂದೇ ಸಂಖ್ಯೆ. ಆಂಬುಲೆನ್ಸ್‌ಗೆ 108, ಕರ್ನಾಟಕದಲ್ಲಿ ಅದು ‘ಆರೋಗ್ಯ ಕವಚ’ದ ಹೆಸರಿನಲ್ಲಿ 2008ರಿಂದ ಇದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ಹೆದ್ದಾರಿ ಗಸ್ತಿನವರು, ಕ್ರೇನು, ಆಂಬುಲೆನ್ಸು ಬರುತ್ತವೆ. ಕರೆ ಮಾಡುವಾಗ ಊರಿನ ಹೆಸರು ಹೇಳಿದರಷ್ಟೇ ಸಾಲದು, ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಯಾವ ದಿಕ್ಕಿನ ರಸ್ತೆ ಎಂಬುದನ್ನೂ ಹೇಳಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ‘ರಾಮನಗರ ದಾಟಿದ ಮೇಲೆ’ ಎಂದಷ್ಟೇ ಹೇಳಿದರೆ ಆಂಬುಲೆನ್ಸು ಎದುರು ಪಥಕ್ಕೆ ಬಂದುಬಿಡಬಹುದು. ನಡುವಿನ ತಡೆ ದಾಟಲಾಗದೆ ಮುಂದಿನ ನಿರ್ಗಮನದವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ.

ಪೆಟ್ಟಾದ ಕ್ಷಣದಿಂದ ಒಂದು ಗಂಟೆಯ ಅವಧಿಯನ್ನು ಕಾಯ್ದೆಯೇ ‘ಗೋಲ್ಡನ್ ಅವರ್’ ಎಂದು ಕರೆದಿದೆ. ಆ ಗಂಟೆಯಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಕಾರಿಗೆ ಬೆಂಕಿ ತಗಲುವ, ನೀರಿಗೆ ಬೀಳುವ ಅಪಾಯವಿಲ್ಲದಿದ್ದರೆ ಒಳಗಿರುವವರನ್ನು ಕೈಕಾಲು ಹಿಡಿದು ಎಳೆಯಬಾರದು. ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಒಂದು ಎಳೆತಕ್ಕೆ ಜೀವನವಿಡೀ ಕೈಕಾಲು ಸ್ವಾಧೀನ ತಪ್ಪಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಕಾಯಬೇಕು. ಮೂರು ನಾಲ್ಕು ಜನ ಸೇರಿ ಗಾಯಾಳುವನ್ನು ಮಡಚಿ ಆಟೊದೊಳಗೆ ತುರುಕುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. ರಕ್ತ ಸುರಿಯುತ್ತಿದ್ದರೆ ಸ್ವಚ್ಛವಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದು ಇಡಬೇಕು. ಪ್ರಜ್ಞೆಯಿಲ್ಲದ ವ್ಯಕ್ತಿ ವಾಂತಿ ಮಾಡುತ್ತಿದ್ದರೆ ಇಡೀ ದೇಹವನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು.

ನೀರಿನ ವಿಷಯ ಬಿಡಿಸಿ ಹೇಳಬೇಕು. ಬಿದ್ದವರ ಬಾಯಿಗೆ ನೀರು ಹಾಕುವುದು ನಮ್ಮಲ್ಲಿ ಕರುಣೆಯ ಮೊದಲ ಲಕ್ಷಣ. ಅರೆಪ್ರಜ್ಞೆಯಲ್ಲಿ ಆ ನೀರು ಹೊಟ್ಟೆಗೆ ಹೋಗದೆ ಶ್ವಾಸನಾಳ ಸೇರಬಹುದು. ತುರ್ತು ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಹೊಟ್ಟೆ ತುಂಬಿದ್ದರೂ ಇದೇ ತೊಂದರೆ. ಆದ್ದರಿಂದ ಗಾಯಾಳು ಬಾಯಾರಿಕೆ ಎಂದರೂ ತುಟಿ ಒದ್ದೆ ಮಾಡಿ ಸುಮ್ಮನಿರುವುದು ಲೇಸು.

ಏನೂ ಆಗಿಲ್ಲ ಎಂದು ಎದ್ದು ಓಡಾಡುವವರೂ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೇರುವಾಗ ಮನುಷ್ಯ ಕೆಲವು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯುವುದುಂಟು. ಸೀಟ್ ಬೆಲ್ಟಿನ ಗೀರು ಹೊಟ್ಟೆಯ ಮೇಲೆ ಮೂಡಿದ್ದರೆ ಗುಲ್ಮ, ಯಕೃತ್ತು ಅಥವಾ ಕರುಳಿಗೆ ಪೆಟ್ಟಾಗಿರುವ ಅನುಮಾನ ಇಟ್ಟುಕೊಳ್ಳಬೇಕು. ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಅಸಹಜ ನಿದ್ದೆ, ತೊದಲು, ಹೊಟ್ಟೆ ಬಿಗಿತ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ದಾರಿಹೋಕರು ನಿಲ್ಲದಿರುವುದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು: ಆಸ್ಪತ್ರೆಗೆ ಸೇರಿಸಿದವರನ್ನೇ ಠಾಣೆ ಪ್ರಶ್ನಿಸುತ್ತಿತ್ತು, ಕೋರ್ಟು ಕರೆಯುತ್ತಿತ್ತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾದ ಯುವಕನೊಬ್ಬ ಸಾಯುವ ಮುನ್ನ ಅಂಗಾಂಗ ದಾನ ಮಾಡುವಂತೆ ಕೇಳಿಕೊಂಡದ್ದು ರಾಜ್ಯವನ್ನು ಕಲಕಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ಗೆ ಅವನದೇ ಹೆಸರು. ಅದೇ ವರ್ಷದ ಮಾರ್ಚ್ 30ರಂದು ಸುಪ್ರೀಂ ಕೋರ್ಟು ನೆರವಿಗೆ ಬಂದವರನ್ನು ರಕ್ಷಿಸುವ ಮಾರ್ಗಸೂಚಿಗಳನ್ನು ಇಡೀ ದೇಶಕ್ಕೆ ಅನ್ವಯಿಸಿತು. ಇದಕ್ಕಾಗಿಯೇ ಪ್ರತ್ಯೇಕ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರ ಆ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಮರುವರ್ಷ ಕೇಂದ್ರದ ಕಾಯ್ದೆಗೂ 134ಎ ಕಲಂ ಸೇರಿತು. ಈಗ ಗಾಯಾಳುವನ್ನು ಆಸ್ಪತ್ರೆಗೆ ಬಿಟ್ಟವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ, ಸಾಕ್ಷಿಯಾಗಬೇಕೆಂಬ ಒತ್ತಾಯವಿಲ್ಲ, ಬಿಲ್ ಕಟ್ಟು ಎಂದು ಕೇಳುವಂತಿಲ್ಲ. ಗಂಭೀರ ಗಾಯಾಳುವನ್ನು ಗೋಲ್ಡನ್ ಅವರ್‌ನೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ‘ರಾಹ್‌ವೀರ್’ ಬಹುಮಾನ 2025ರಿಂದ 25,000 ರೂಪಾಯಿಗೆ ಏರಿದೆ.

ಆಸ್ಪತ್ರೆಯ ಬಾಗಿಲಲ್ಲೂ ನಿಯಮ ಸ್ಪಷ್ಟವಾಗಿದೆ. ಪೊಲೀಸರು ಬರಲಿ ಎಂದು ಕಾಯದೆ ಮೊದಲು ಜೀವ ಉಳಿಸಬೇಕೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1989ರಲ್ಲೇ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಸ್ಥಿತಿ ಸ್ಥಿರವಾಗುವವರೆಗಿನ ಚಿಕಿತ್ಸೆಗಷ್ಟೇ ಯೋಜನೆಯ ಹಣ. ಮುಂಗಡ ಕೇಳುವ ಕೌಂಟರಿನಲ್ಲಿ ಈ ಯೋಜನೆಯ ಹೆಸರು ಹೇಳಬೇಕು. ಕೇಳದಿದ್ದರೆ ತಾವಾಗಿಯೇ ಹೇಳುವವರು ಕಡಿಮೆ.

ಆ ಕೌಂಟರಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಕೆಲಸ ನಡೆಯುತ್ತದೆ. ವರ್ಷಗಳ ನಂತರ ಪರಿಹಾರದ ಪ್ರಕರಣವನ್ನು ಗೆಲ್ಲಿಸುವುದೂ ಸೋಲಿಸುವುದೂ ಅದೇ. ಡ್ಯೂಟಿ ಡಾಕ್ಟರು ‘ಏನಾಯ್ತು?’ ಎಂದು ಕೇಳಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ಒಂದೆರಡು ಸಾಲು ಬರೆಯುತ್ತಾರೆ. ಕಾರು ಗುದ್ದಿದ ಬೈಕ್ ಸವಾರ, ಕೇಸು ಗೀಸು ಯಾಕೆಂದು, ‘ಬೈಕಿಂದ ಬಿದ್ದೆ ಸಾರ್’ ಎನ್ನುತ್ತಾನೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಮೂರು ತಿಂಗಳಾದರೂ ಕಾಲು ಕೂಡದೆ, ಎರಡನೇ ಆಪರೇಷನ್ ಎಂದಾದಾಗ ಮನೆಯವರು ದೂರು ಕೊಡುತ್ತಾರೆ. ವಿಮಾ ಕಂಪನಿಯ ವಕೀಲರು ನ್ಯಾಯಮಂಡಳಿಯ ಮುಂದೆ ಮೊದಲು ತೆಗೆದಿಡುವುದು ಆ ರಿಜಿಸ್ಟರಿನ ನಕಲನ್ನೇ: ಗಾಯಾಳು ತಾನೇ ಬಿದ್ದಿದ್ದಾನೆ, ಕಾರನ್ನು ಆಮೇಲೆ ಸೇರಿಸಲಾಗಿದೆ ಎಂಬುದು ವಾದ. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ ಗುದ್ದಿತು ಎಂಬುದನ್ನು ಆಸ್ಪತ್ರೆಯ ಮೊದಲ ದಾಖಲೆಯಲ್ಲೇ ಇದ್ದದ್ದು ಇದ್ದ ಹಾಗೆ ಬರೆಸುವುದು ಗಾಯಾಳುವಿನ ಕಡೆಯವರ ಮೊದಲ ಕಾನೂನು ಕೆಲಸ.

ಸ್ಥಳದಲ್ಲೇ ರಾಜಿಯಾಗುವುದು ಬಂಪರು ತರಚಿದಷ್ಟಕ್ಕೆ ಸರಿಹೋಗುತ್ತದೆ. ಯಾರಿಗಾದರೂ ಪೆಟ್ಟಾಗಿದ್ದರೆ ಐದೋ ಹತ್ತೋ ಸಾವಿರ ಕೊಟ್ಟು ಕೈತೊಳೆದುಕೊಳ್ಳುವ ರಾಜಿ ಇಬ್ಬರಿಗೂ ಹೊರೆ. ಗಾಯಾಳುವಿಗೆ ಮೂಳೆ ಮುರಿದದ್ದು ಗೊತ್ತಾಗುವುದು ಮರುದಿನದ ಎಕ್ಸ್‌ರೇಯಲ್ಲಿ. ಚಾಲಕನಿಗೋ, ಹಣ ಕೊಟ್ಟ ಮೇಲೂ ದೂರು ಬರಬಹುದು, ಆಗ ಠಾಣೆಗೆ ತಿಳಿಸದ ತಪ್ಪೂ ತಲೆಮೇಲೆ ಬರುತ್ತದೆ. ವಾಹನಗಳನ್ನು ಸರಿಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು: ದೂರದಿಂದ ಇಡೀ ರಸ್ತೆ ಕಾಣುವಂತೆ ಒಂದೆರಡು, ನಂಬರ್ ಪ್ಲೇಟು, ಟಯರ್ ಎಳೆದ ಗುರುತು, ಸಿಗ್ನಲ್ಲು, ಗುಂಡಿ. ಎದುರು ಚಾಲಕನ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಪತ್ರಗಳ ಚಿತ್ರವೂ ಬೇಕು. ಹತ್ತಿರದ ಅಂಗಡಿಯ ಸಿಸಿಟಿವಿ ಹಳೆಯ ದೃಶ್ಯದ ಮೇಲೇ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ. ಕ್ಯಾಮೆರಾ ಕಂಡ ದಿನವೇ ಪೊಲೀಸರಿಗೆ ಅದನ್ನು ತೋರಿಸಿಕೊಡಬೇಕು.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ವ್ಯಾಪ್ತಿ ತಮ್ಮದಲ್ಲದಿದ್ದರೂ ‘ಜೀರೋ ಎಫ್‌ಐಆರ್’ ಬರೆದುಕೊಂಡು ಕಳಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಆಮೇಲೆ ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟು ಸೇರುತ್ತವೆ. 2022ರ ಏಪ್ರಿಲ್‌ನಿಂದ ಪೊಲೀಸರಿಗೂ ಗಡುವು ಬಿದ್ದಿದೆ: 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿ ಸೇರಬೇಕು.

ಚಾಲಕನ ಮೇಲೆ ಸಾಮಾನ್ಯವಾಗಿ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಂ. ಸಾವಾಗಿದ್ದರೆ 106(1), ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ. ಇವು ಜಾಮೀನು ಸಿಗುವ ಅಪರಾಧಗಳು. ಹಾಗಾಗಿ ಓಡಿಹೋಗುವುದರಿಂದ ಬರುವ ಲಾಭ ಅನೇಕರು ಭಾವಿಸಿದಷ್ಟಿಲ್ಲ. ಸಾವಿಗೆ ಕಾರಣನಾಗಿ ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುವ 106(2) ಕಲಮನ್ನು ಮಾತ್ರ, 2024ರ ಜನವರಿಯಲ್ಲಿ ಲಾರಿ ಚಾಲಕರು ನಡೆಸಿದ ಮುಷ್ಕರದ ನಂತರ, ಜಾರಿಗೆ ತರದೆ ತಡೆಹಿಡಿಯಲಾಗಿದೆ.

ವಿಮೆಯ ಮಾತಿಗೆ ಬಂದರೆ, ಪಾಲಿಸಿಯಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಎದುರಿನವರ ನಷ್ಟಕ್ಕೆ. ಬರೀ ಅಷ್ಟೇ ಇದ್ದರೆ ಸ್ವಂತ ಕಾರಿನ ರಿಪೇರಿಗೆ ಕವಡೆಯೂ ಬಾರದು, ಆ ಕಾರಿನೊಳಗೆ ಕೂತು ಗಾಯಗೊಂಡ ನೆಂಟರಿಷ್ಟರಿಗೂ ಅದರಿಂದ ಪರಿಹಾರ ಸಿಗುವುದು ಕಷ್ಟ. ಪ್ಯಾಕೇಜ್ ಪಾಲಿಸಿಯಲ್ಲಿ ಎರಡಕ್ಕೂ ರಕ್ಷಣೆ ಇದೆ. ಕಂಪನಿಗೆ ಅದೇ ದಿನ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಬೇಕು. ಎಣ್ಣೆಯೋ ಕೂಲೆಂಟೋ ಸೋರುತ್ತಿರುವ ಕಾರನ್ನು ‘ಗ್ಯಾರೇಜಿನವರೆಗೆ ಹೋದೀತು’ ಎಂದು ಓಡಿಸಿದರೆ ಎಂಜಿನ್ ಕೆಡುತ್ತದೆ. ಅದು ಅಪಘಾತದ ನಷ್ಟವಲ್ಲ, ಓಡಿಸಿದ್ದರಿಂದಾದದ್ದು ಎಂದು ಕಂಪನಿ ಕೈಬಿಡುತ್ತದೆ. ಸರ್ವೇಯರ್ ನೋಡುವ ಮೊದಲು ಬಿಚ್ಚಿಸಲೂ ಬಾರದು. ಕುಡಿದು ಓಡಿಸಿದ್ದರೆ, ಡಿಎಲ್ ಇಲ್ಲದಿದ್ದರೆ ಸ್ವಂತ ಕಾರಿನ ಕ್ಲೇಮು ಅಲ್ಲಿಗೇ ಮುಗಿಯಿತು.

ಬಿಲ್ಲು ಪೂರ್ತಿ ಬರಲಿಲ್ಲವೆಂಬ ದೂರು ಹೆಚ್ಚಾಗಿ ಸವಕಳಿಯ ಲೆಕ್ಕ ಗೊತ್ತಿಲ್ಲದ್ದರಿಂದ ಹುಟ್ಟುತ್ತದೆ. ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಅರ್ಧ ಕಡಿತ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ. ಮೂರು ದಾಟಿ ನಾಲ್ಕು ವರ್ಷ ತುಂಬದ 1200 ಸಿಸಿ ಕಾರಿನ ಮುಂಭಾಗ ಜಖಂ ಆಯಿತೆನ್ನೋಣ. ಬಾನೆಟ್ 10,000 ರೂಪಾಯಿ, ಬಂಪರ್ 8,000, ಮುಂದಿನ ಗಾಜು 9,000. ಬಾನೆಟ್‌ಗೆ ಶೇ 25 ಕಡಿದು 7,500, ಬಂಪರ್‌ಗೆ 4,000, ಗಾಜಿಗೆ ಪೂರ್ತಿ 9,000. ಇದರಲ್ಲಿ ಮಾಲೀಕರೇ ಹೊರಬೇಕಾದ ಕಡ್ಡಾಯ ಪಾಲು 1,000 ಕಳೆದರೆ ಬಿಡಿಭಾಗಗಳಿಗೆ ಬರುವುದು 19,500 ರೂಪಾಯಿ. ‘ಜೀರೋ ಡೆಪ್’ ರಕ್ಷಣೆ ಕೊಂಡವರಿಗೆ ಈ ಸವಕಳಿ ಕಡಿತ ಇರುವುದಿಲ್ಲ. ಸಣ್ಣ ರಿಪೇರಿಗೆ ಕ್ಲೇಮ್ ಮಾಡುವ ಮೊದಲು ನೋ ಕ್ಲೇಮ್ ಬೋನಸ್ ನೋಡಿಕೊಳ್ಳುವುದು ಜಾಣತನ. ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ 50ರ ರಿಯಾಯಿತಿ ಇರುತ್ತದೆ, ಮೂರು ಸಾವಿರದ ತರಚಿಗಾಗಿ ಅದನ್ನು ಕಳೆದುಕೊಳ್ಳುವುದು ನಷ್ಟದ ಬಾಬ್ತು. ರಿಪೇರಿ ಖರ್ಚು ಪಾಲಿಸಿಯಲ್ಲಿ ನಮೂದಾದ ಕಾರಿನ ಮೌಲ್ಯದ ಶೇ 75 ಮೀರಿದರೆ ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ.

ಮಾಲೀಕರೇ ಓಡಿಸುವಾಗ ಸತ್ತರೆ 15 ಲಕ್ಷ ರೂಪಾಯಿ ಕೊಡುವ ವೈಯಕ್ತಿಕ ಅಪಘಾತ ವಿಮೆ ಬಹುತೇಕ ಪಾಲಿಸಿಗಳ ಜೊತೆ ಇರುತ್ತದೆ. ದುಃಖದಲ್ಲಿರುವ ಮನೆಯವರು ಕಾರಿನ ಕ್ಲೇಮು ಮುಗಿಸಿ ಇದನ್ನು ಕೇಳುವುದನ್ನೇ ಮರೆಯುತ್ತಾರೆ. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ದೂರು ಕೊಟ್ಟು ತಿಂಗಳಾದರೂ ಉತ್ತರ ಬಾರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, 50 ಲಕ್ಷದವರೆಗಿನ ಪ್ರಕರಣಗಳನ್ನು ಅಲ್ಲಿ ನೋಡುತ್ತಾರೆ.

ಗಾಯ ಅಥವಾ ಸಾವಿನ ಪರಿಹಾರಕ್ಕೆ ಇರುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ, ಅರ್ಜಿದಾರರು ವಾಸಿಸುವ ಊರಿನಲ್ಲೂ ಹಾಕಬಹುದು. ಹುಬ್ಬಳ್ಳಿಯ ಕುಟುಂಬ ತಮಿಳುನಾಡಿನಲ್ಲಾದ ಅಪಘಾತಕ್ಕೆ ಹುಬ್ಬಳ್ಳಿಯಲ್ಲೇ ಕೇಳಬಹುದು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಕಾಯ್ದೆಗೆ ಸೇರಿಸಿದ್ದು, ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ತಪ್ಪು ಯಾರದೆಂದು ಸಾಬೀತು ಮಾಡುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿ 164ನೇ ಕಲಮಿನಲ್ಲಿದೆ. ಹೆಚ್ಚು ಬೇಕಾದರೆ ಎದುರಿನವರ ನಿರ್ಲಕ್ಷ್ಯ ತೋರಿಸಿ 166ರಡಿ ಅರ್ಜಿ ಹಾಕಬೇಕು.

ಅಲ್ಲಿ ಮೊತ್ತ ನಿಗದಿಯಾಗುವುದು ನ್ಯಾಯಾಧೀಶರ ಮನಸ್ಸಿಗೆ ತೋಚಿದಂತಲ್ಲ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳು ಸೂತ್ರವನ್ನೇ ಹಾಕಿಕೊಟ್ಟಿವೆ. 32 ವರ್ಷದ, ತಿಂಗಳಿಗೆ 20,000 ದುಡಿಯುತ್ತಿದ್ದ ಸ್ವಂತ ಅಂಗಡಿಯವನು ತಾಯಿ, ಹೆಂಡತಿ, ಇಬ್ಬರು ಮಕ್ಕಳನ್ನು ಬಿಟ್ಟು ಸತ್ತನೆನ್ನೋಣ. ವರ್ಷದ ಆದಾಯ 2,40,000. ಮುಂದೆ ಆದಾಯ ಹೆಚ್ಚುತ್ತಿತ್ತೆಂದು ಶೇ 40 ಸೇರಿಸಿದರೆ 3,36,000. ಅವನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಪಾಲು ಕಳೆದರೆ 2,52,000. 31ರಿಂದ 35ರ ವಯಸ್ಸಿಗೆ ಗುಣಕ 16. ಗುಣಿಸಿದರೆ 40,32,000 ರೂಪಾಯಿ. ಅಂತ್ಯಕ್ರಿಯೆ, ಆಸ್ತಿ ನಷ್ಟ, ಸಾಂಗತ್ಯ ನಷ್ಟದ ನಿಗದಿತ ಮೊತ್ತಗಳು ಇದರ ಮೇಲೆ. ಎಲ್ಲವೂ ನಿಂತಿರುವುದು ಆದಾಯದ ಪುರಾವೆಯ ಮೇಲೆ. ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕ್ ಪುಸ್ತಕ ಯಾವುದೂ ಇಲ್ಲದಿದ್ದರೆ ನ್ಯಾಯಮಂಡಳಿ ತಾನೇ ಒಂದು ಕಾಲ್ಪನಿಕ ಆದಾಯ ಹಿಡಿಯುತ್ತದೆ, ಅದು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ. ಅಪ್ರಾಪ್ತ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ.

ಹಣ ಕೊಡುವುದು ಹೆಚ್ಚಾಗಿ ವಿಮಾ ಕಂಪನಿ. ವಿಮೆಯಿಲ್ಲದ ಕಾರಾದರೆ ಮಾಲೀಕರ ಮನೆ, ಜಮೀನಿಗೇ ಕುತ್ತು. ಸರ್ಕಾರಿ ಸಾರಿಗೆ ನಿಗಮಗಳಿಗೆ ವಿಮೆ ಮಾಡಿಸದೆ ಸ್ವಂತ ನಿಧಿಯಿಂದ ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. ತೀರ್ಪಾದರೂ ಹಣ ಬಾರದಿದ್ದಾಗ ಕೋರ್ಟಿನ ಅಮೀನರು ಬಂದು ಬಸ್ ಜಪ್ತಿ ಮಾಡಿದ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಕಾಣುವುದು ಇದೇ ಕಾರಣಕ್ಕೆ.

ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೂ ಕೈಚೆಲ್ಲಿ ಕೂರಬೇಕಿಲ್ಲ. 2022ರ ಏಪ್ರಿಲ್‌ನಿಂದ ಇಂಥ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ; ಮೊದಲು ಅದು 25,000 ಮತ್ತು 12,500 ಇತ್ತು. ಇದಕ್ಕೆ ನ್ಯಾಯಮಂಡಳಿಯ ಮೆಟ್ಟಿಲೇರಬೇಕಿಲ್ಲ, ವಕೀಲರೂ ಬೇಕಿಲ್ಲ. ಅಪಘಾತ ನಡೆದ ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಎಫ್‌ಐಆರ್, ಆಸ್ಪತ್ರೆ ದಾಖಲೆ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಬ್ಯಾಂಕ್ ಖಾತೆಯ ವಿವರಗಳೊಡನೆ ಅರ್ಜಿ ಕೊಡಬೇಕು. ಅವರು ವಿಚಾರಿಸಿ ಜಿಲ್ಲಾ ಮಟ್ಟಕ್ಕೆ ಕಳಿಸುತ್ತಾರೆ, ಅಲ್ಲಿ ಮಂಜೂರಾದ ಹಣ ನೇರವಾಗಿ ಖಾತೆಗೆ ಬರುತ್ತದೆ. ಮುಂದೆಂದಾದರೂ ಆ ವಾಹನ ಪತ್ತೆಯಾಗಿ ನ್ಯಾಯಮಂಡಳಿಯಿಂದ ದೊಡ್ಡ ಪರಿಹಾರ ಸಿಕ್ಕರೆ, ಮೊದಲು ಪಡೆದ ಈ ಮೊತ್ತವನ್ನು ಅದರಿಂದ ಹಿಂದಿರುಗಿಸಬೇಕಾಗುತ್ತದೆ.